ಅತ್ತೆಯವರ ವಯಸ್ಸು ಕೇಳಿದ ಹುಡುಗಿ

ನಮ್ಮ ಮನೆಯೊಳಕ್ಕೆ ಮದ್ಯದ ಬಾಟಲಿಗೆ ಪ್ರವೇಶವಿಲ್ಲ. ಇಂಗ್ಲೆಂಡಿನ ಈ ಕೀತ್ಲಿ ಪಟ್ಟಣದಲ್ಲಿ ನನ್ನ ಓರಗೆಯ ಗಂಡಸರೆಲ್ಲ ಸಂಜೆ ಪಬ್ಬಿನಲ್ಲಿ ಕೂತು ಬಿಯರ್ ಹೀರುತ್ತ ಹೆಂಡತಿಯರನ್ನು ಬೈಯುತ್ತಾರೆ. ನಾನು ಮನೆಯಲ್ಲಿ ಚಹಾ ಹೀರುತ್ತ ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ. ಇದಕ್ಕೆಲ್ಲ ಮೂಲ ನಮ್ಮ ಅತ್ತೆ, ಎನಿಡ್. ಪುಟ್ಟ ಹುಡುಗಿಯಾಗಿದ್ದಾಗ ಮೆಥಡಿಸ್ಟ್ ಚರ್ಚಿನಲ್ಲಿ ಎಲ್ಲರೆದುರು ನಿಂತು, ಜೀವ ಇರುವವರೆಗೆ ಮದ್ಯ ಕುಡಿಯುವುದಿಲ್ಲ ಎಂದು ಆಣೆ ಇಟ್ಟವರು. ಈಗ ಅವರಿಗೆ ತೊಂಬತ್ತೊಂದು. ಆಣೆ ಇನ್ನೂ ಗಟ್ಟಿಯಾಗಿದೆ. ಅವರೂ ಗಟ್ಟಿಯಾಗಿದ್ದಾರೆ. ಈ ಎರಡರ ನಡುವೆ ಸಿಕ್ಕಿಕೊಂಡು ಸವೆದವನು ನಾನೊಬ್ಬನೆ.

ಹಾಗೆಂದು ಅತ್ತೆಗೆ ಬ್ರಾಂದಿಯ ಪರಿಚಯವೇ ಇಲ್ಲ ಎಂದುಕೊಳ್ಳಬೇಡಿ. ಕ್ರಿಸ್‌ಮಸ್ ಬಂತೆಂದರೆ ಬ್ರಾಂದಿ ಹಾಕಿದ ಪುಡ್ಡಿಂಗ್, ಅದರ ಮೇಲೆ ಬ್ರಾಂದಿ ಬೆರೆಸಿದ ಬೆಣ್ಣೆ, ಕೊನೆಗೆ ಹೊಟ್ಟೆಯಲ್ಲಿ ಚೆರ್ರಿ ಬ್ರಾಂದಿ ತುಂಬಿಕೊಂಡ ಚಾಕೊಲೇಟಿನ ಒಂದು ಡಬ್ಬಿ ಪೂರ್ತಿ ಅವರಿಗೇ ಬೇಕು. ಮದುವೆಯಾದ ಹೊಸತರಲ್ಲಿ ನಾನು ಇದನ್ನೊಮ್ಮೆ ವಿನಯದಿಂದ ಪ್ರಶ್ನಿಸಿದ್ದೆ. “ಕುಡಿದ್ರೆ ಅದು ಕುಡಿತ, ತಿಂದ್ರೆ ಅದು ತಿಂಡಿ” ಎಂದು ಅವರು ತೀರ್ಪು ಕೊಟ್ಟರು. ಬೈಬಲ್ಲನ್ನು ಪೂರ್ತಿ ಓದಿದವರ ಮಾತು. ನಾನು ಪೂರ್ತಿ ಓದಿಲ್ಲವಾದ್ದರಿಂದ ಸುಮ್ಮನಾದೆ.

ಆದರೆ ಕಳೆದ ವರ್ಷ ಅತ್ತೆ ಮೊದಲಿನಂತಿರಲಿಲ್ಲ. ಶರತ್ಕಾಲದಲ್ಲಿ ಅವರ ತಂಗಿ ಮೇವಿಸ್ ತೀರಿಕೊಂಡಳು. ಆಮೇಲೆ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಊಟಕ್ಕೆ ಕರೆದರೆ ಸೇರುತ್ತಿಲ್ಲ ಎನ್ನುವುದು, ಚರ್ಚಿಗೆ ಕರೆದರೆ ಮುಂದಿನ ವಾರ ಎನ್ನುವುದು. ಮೊದಲೇ ಮೋಟು ದೇಹ, ಇನ್ನಷ್ಟು ಕುಗ್ಗಿತು. ಒಂದು ಸಂಜೆ ನನ್ನನ್ನು ಕರೆದು, “ದೇವರು ನನ್ನ ವಿಳಾಸ ಎಲ್ಲೋ ಕಳ್ಕೊಂಡಿದಾನೆ ಕಣಪ್ಪಾ” ಎಂದರು. ಅತ್ತೆ ನನ್ನನ್ನು ಬೈದಾಗ ಏನು ಮಾಡಬೇಕೆಂದು ನನಗೆ ಗೊತ್ತು. ಹೀಗೆ ಮೆತ್ತಗೆ ಮಾತಾಡಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿ ಗ್ಲೆನಿಸ್‌ಗೆ ಹೇಳಿದೆ. ಅವಳು ಕ್ಯಾರೆಟ್ ಹೆಚ್ಚುತ್ತ ಕಣ್ಣೊರೆಸಿಕೊಂಡಳು. (ಈರುಳ್ಳಿಯಾಗಿದ್ದರೆ ನಂಬಬಹುದಿತ್ತು.)

ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಗ್ಲೆನಿಸ್ ಆಜ್ಞೆ ಹೊರಡಿಸಿದಳು: ಪುಡ್ಡಿಂಗ್, ಬೆಣ್ಣೆ, ಚಾಕೊಲೇಟು ತರಬೇಕು, ಜೊತೆಗೆ ಅಮ್ಮನನ್ನೂ ಕರೆದುಕೊಂಡು ಹೋಗಬೇಕು, ನಾಲ್ಕು ಜನರ ಮುಖ ನೋಡಲಿ. ಅತ್ತೆ ಒಲ್ಲೆ ಎಂದರು. ಮಗಳ ಎದುರು ಅವರ ಆಟವೂ ನಡೆಯಲಿಲ್ಲ. ಇದನ್ನು ಕಂಡು ನನಗೊಂದು ಬಗೆಯ ಸಮಾಧಾನವಾದದ್ದು ಸುಳ್ಳಲ್ಲ. ಅವರ ಹಳೆಯ ಕೋಟು ಈಗ ಅವರಿಗೆ ಡೇರೆಯಂತಾಗಿತ್ತು. ಹಾಗಾಗಿ ಗ್ಲೆನಿಸ್ ನಮ್ಮ ಮೊಮ್ಮಗಳು ಬಿಟ್ಟುಹೋಗಿದ್ದ ನೇರಳೆ ಬಣ್ಣದ ಚಳಿಕೋಟು ತೊಡಿಸಿ, ಬೆಕ್ಕಿನ ಕಿವಿಗಳಿದ್ದ ಅದರ ಟೋಪಿಯನ್ನು ತಲೆಯ ಮೇಲೆ ಎಳೆದು, ಮೂಗಿನವರೆಗೆ ಮಫ್ಲರ್ ಸುತ್ತಿದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ.

ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಪ್ರತಿ ಗಲ್ಲಾದ ಮುಂದೂ ಟರ್ಕಿ ಕೋಳಿಗಳನ್ನು ಮಗುವಿನಂತೆ ಅಪ್ಪಿಕೊಂಡ ಸಾಲು. ಆಗ ನನ್ನ ತಲೆಯಲ್ಲಿ ದಿವ್ಯ ಉಪಾಯವೊಂದು ಹೊಳೆಯಿತು: ನಾವೇ ಬಿಲ್ಲು ಮಾಡಿಕೊಳ್ಳುವ ಯಂತ್ರಗಳ ಕಡೆ ಹೋದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ರೈಲಿನಲ್ಲಿ ಜೀವಮಾನವೆಲ್ಲ ಟಿಕೆಟ್ ತಪಾಸಣೆ ಮಾಡಿದ ನನಗೆ ಯಂತ್ರವೊಂದು ಲೆಕ್ಕವೇ? ಅತ್ತೆಯನ್ನು ಬಾಗಿಲ ಬಳಿ ಆಟಿಕೆ ಉದುರಿಸುವ ಗಾಜಿನ ಪೆಟ್ಟಿಗೆಯ ಹತ್ತಿರ ನಿಲ್ಲಿಸಿ, ಯಂತ್ರಕ್ಕೆ ಪುಡ್ಡಿಂಗ್ ತೋರಿಸಿದೆ. ಅದರ ತಲೆಯ ಮೇಲೆ ಕೆಂಪು ದೀಪ ಹತ್ತಿತು. ಇದರಲ್ಲಿ ಮದ್ಯವಿದೆ, ವಯಸ್ಸು ಪರಿಶೀಲಿಸಬೇಕು, ಸಿಬ್ಬಂದಿ ಬರುವವರೆಗೆ ಕಾಯಿರಿ ಎಂದು ಯಂತ್ರ ಊರಿಗೆಲ್ಲ ಕೇಳುವಂತೆ ಸಾರಿತು.

ಬಂದವಳು ಬ್ರೈಯನಿ ಎಂಬ ಹುಡುಗಿ. ಎದೆಯ ಮೇಲೆ ಹೆಸರಿತ್ತು. ಹೊಸದಾಗಿ ಸೇರಿದವಳಿರಬೇಕು, ಸಮವಸ್ತ್ರದ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನನ್ನ ಕಡೆ ಒಂದು ನೋಟ ಹರಿಸಿದಳು. ಬಸ್ ನಿಲ್ದಾಣದ ಕಂಬವನ್ನು ಕೂಡ ಜನ ಇದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ. ಗುಂಡಿ ಒತ್ತಲು ಬೆರಳೆತ್ತಿದಳು. ಆ ಹೊತ್ತಿಗೆ ಸರಿಯಾಗಿ ನನ್ನ ಮೊಣಕೈಯ ಕೆಳಗಿನಿಂದ ನೇರಳೆ ತೋಳೊಂದು ನುಗ್ಗಿ ಬಂದು ಚಾಕೊಲೇಟು ಡಬ್ಬಿಯ ಮೇಲೆ ಕೂತಿತು. ಮಫ್ಲರಿನ ಒಳಗಿನಿಂದ ಸಣ್ಣ ಧ್ವನಿ ಕೇಳಿಸಿತು.

“ಇದು ನನ್ನದು. ದಾರೀಲೇ ಒಂದು ತಿಂತೀನಿ, ಗ್ಲೆನಿಸ್‌ಗೆ ಹೇಳ್ಬೇಡಿ.”

ಬ್ರೈಯನಿಯ ಬೆರಳು ಗಾಳಿಯಲ್ಲೇ ನಿಂತಿತು. ಬ್ರಾಂದಿ ತುಂಬಿದ ಚಾಕೊಲೇಟನ್ನು ಮಕ್ಕಳಿಗೆ ಕೊಡುವ ಹಾಗಿಲ್ಲ, ಮಕ್ಕಳಿಗಾಗಿ ದೊಡ್ಡವರು ಕೊಳ್ಳುವ ಹಾಗೂ ಇಲ್ಲ ಎಂದು ಅವಳು ನನಗೆ ಗಂಭೀರವಾಗಿ ತಿಳಿಸಿದಳು. ನಾನು ನಕ್ಕೆ. ಇವರು ಮಗುವಲ್ಲ, ನನ್ನ ಅತ್ತೆ ಎಂದೆ. ಈ ವಾರದಲ್ಲಿ ಅವಳು ಇದಕ್ಕಿಂತ ಒಳ್ಳೆಯ ಸುಳ್ಳುಗಳನ್ನು ಕೇಳಿರಬೇಕು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನೇರಳೆ ಟೋಪಿಯ ಕಡೆ ಬಾಗಿ ಕೇಳಿದಳು:

“ಪುಟ್ಟಾ, ನಿನ್ನ ವಯಸ್ಸಿಗೆ ಏನಾದ್ರೂ ಗುರುತಿನ ಚೀಟಿ ಇದ್ಯಾ?”

ಅತ್ತೆ ನಿಧಾನವಾಗಿ ಬೆಕ್ಕಿನ ಕಿವಿಗಳನ್ನು ಹಿಂದಕ್ಕೆ ಸರಿಸಿದರು. ಮಫ್ಲರನ್ನು ಒಂದೊಂದೇ ಸುತ್ತು ಬಿಚ್ಚಿದರು. ತೊಂಬತ್ತೊಂದು ವರ್ಷದ ಆ ಮುಖ, ಯಾರ್ಕ್‌ಷೈರ್ ಗುಡ್ಡದ ಗಾಳಿಯೆಲ್ಲ ಗೀಚಿ ಬರೆದ ಆ ಮುಖ, ಕೆಂಪು ದೀಪದ ಬೆಳಕಿನಲ್ಲಿ ಹೊರಬಂತು. ಬ್ರೈಯನಿಯ ಕಿವಿಯ ತುದಿಯೂ ಕೆಂಪಾಯಿತು. ತಪ್ಪಾಯಿತು ಎನ್ನುತ್ತ ಅವಸರದಿಂದ ಗುಂಡಿಗೆ ಕೈ ಚಾಚಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದರು.

“ಏನು ಕೇಳ್ದೆ ನೀನು? ಇನ್ನೊಂದ್ಸಲ ಕೇಳು.”

ಹುಡುಗಿ ಸಣ್ಣ ದನಿಯಲ್ಲಿ ಮತ್ತೆ ಕೇಳಿದಳು. ಈ ಸಲ ‘ಪುಟ್ಟಾ’ ಬಿಟ್ಟಿದ್ದಳು. ಅದನ್ನೂ ಸೇರಿಸು ಎಂದರು ಅತ್ತೆ. ಅವಳು ಸೇರಿಸಿದಳು. ಅತ್ತೆ ಕೈಚೀಲ ತೆರೆದು ಹುಡುಕಿದರು. ಪುದೀನ ಪೆಪ್ಪರ್ಮಿಂಟು ಬಂತು, ಕರವಸ್ತ್ರ ಬಂತು, ಕನ್ನಡಕ ಬಂತು, ಇನ್ನೊಂದು ಕನ್ನಡಕ ಬಂತು. ಕೊನೆಗೆ ಚೀಲ ಮುಚ್ಚಿ, “ಇಲ್ಲಮ್ಮ, ತಂದಿಲ್ಲ. ಹಾಗಾದ್ರೆ ನೀನು ಕೊಡೋ ಹಾಗಿಲ್ಲ” ಎಂದರು.

ಕೊಡಬಹುದು, ಖಂಡಿತ ಕೊಡಬಹುದು ಎಂದು ಬ್ರೈಯನಿ ಅಂಗಲಾಚಿದಳು. ನಾನೂ ಅಂಗಲಾಚಿದೆ. ಹಿಂದಿದ್ದ ಸಾಲು ಬೆಳೆಯುತ್ತಿತ್ತು. ಗದ್ದಲ ಕೇಳಿ ವ್ಯವಸ್ಥಾಪಕ ಲಿಂಡ್ಲಿ ಓಡಿಬಂದ. ನಡೆದದ್ದನ್ನು ಕೇಳಿ ಅವನ ಮುಖ ಬ್ರಾಂದಿ ಬೆಣ್ಣೆಯಂತೆ ಬಿಳಿಚಿಕೊಂಡಿತು. ಅಂಗಡಿಯ ಪರವಾಗಿ ಕ್ಷಮೆ ಕೇಳಿದ, ಡಬ್ಬಿಯನ್ನು ಪುಕ್ಕಟೆಯಾಗಿ ಕೊಡುತ್ತೇನೆ ಎಂದ, ಹೊಸ ಹುಡುಗಿ, ತಿಳಿಯದು ಎಂದ. ಅತ್ತೆ ತಮ್ಮ ಪೂರ್ತಿ ಎತ್ತರಕ್ಕೆ ನಿಂತರು. (ಅವರ ತಲೆ ಲಿಂಡ್ಲಿಯ ಟೈಯ ನಡುಭಾಗಕ್ಕೆ ಬಂತು. ಆದರೆ ಆ ಹೊತ್ತು ನೋಡಿದವರಿಗೆ ಲಿಂಡ್ಲಿಯೇ ಕೆಳಗಿದ್ದಂತೆ ಕಂಡಿತು.)

“ಇವಳಿಗೆ ಎಲ್ಲ ತಿಳಿಯುತ್ತೆ,” ಎಂದರು. “ಇಡೀ ಅಂಗಡೀಲಿ ಕಣ್ಣು ಸರಿಯಾಗಿರೋಳು ಇವಳೊಬ್ಳೇ. ಇಂಥ ಹುಡುಗಿ ಕೈಲಿ ನಿಯಮ ಮುರಿಸ್ತೀರಾ ನೀವು? ನಾಚಿಕೆ ಆಗ್ಬೇಕು.”

ನಾನು ಕೊನೆಯ ಪ್ರಯತ್ನವಾಗಿ ಮುಂದೆ ಬಂದು, ಇವರ ವಯಸ್ಸಿಗೆ ನಾನೇ ಸಾಕ್ಷಿ ಎಂದೆ. ಅತ್ತೆ ನನ್ನನ್ನು ತೋರಿಸಿ ಲಿಂಡ್ಲಿಗೆ ಹೇಳಿದರು: “ಇವರು ನಮ್ಮ ಅಳಿಯಂದ್ರು. ಟಿಕೆಟ್ ಮರೆತು ಬಂದೆ ಅಂದ ಪಾದ್ರಿಗೇ ದಂಡ ಹಾಕಿದೋರು. ಇವತ್ತು ನೋಡಿ, ಚೀಟಿ ಇಲ್ದೇ ಬಿಡಿ ಅಂತಿದಾರೆ.”

ಸಾಲಿನಲ್ಲಿ ಯಾರೂ ಗೊಣಗಲಿಲ್ಲ. ಎಮ್ಮೆಯಂಥ ದೇಹದ ಒಬ್ಬ ಮನುಷ್ಯ, ಟರ್ಕಿ ಕೋಳಿಯನ್ನು ಒಂದು ಕಂಕುಳಿಗೆ ಬದಲಿಸಿ, ಇನ್ನೊಂದು ಕೈಯಿಂದ ಉಣ್ಣೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ರಾಣಿಯ ಮೆರವಣಿಗೆ ಹೋದಾಗ ನಮ್ಮ ಅಪ್ಪ ಹಾಗೆ ನಿಂತದ್ದನ್ನು ನಾನು ನೋಡಿದ್ದೆ. ವರ್ಷವೆಲ್ಲ ಎದುರು ನೋಡಿದ ಚಾಕೊಲೇಟು ಡಬ್ಬಿಯ ಮೇಲೆ ಅತ್ತೆ ಒಮ್ಮೆ ಕೈಯಾಡಿಸಿ, ಅದನ್ನು ಬ್ರೈಯನಿಯ ಕೈಗೆ ಹಿಂದಿರುಗಿಸಿ, ತಿರುಗಿ ನಡೆದರು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ತಿಂಗಳುಗಳಿಂದ ಕುರ್ಚಿ ಬಿಟ್ಟೇಳದಿದ್ದ ಮುದುಕಿ, ಗಾಜಿನ ಪೆಟ್ಟಿಗೆಗೆ ಒರಗಿಸಿಟ್ಟಿದ್ದ ಊರುಗೋಲನ್ನೂ ಮರೆತು ನಡೆಯುತ್ತಿದ್ದರು. ಹಿಂದಿನಿಂದ ಊರುಗೋಲು ಹೊತ್ತು ಬಾಯಿ ತೆರೆದುಕೊಂಡು ಹೋದವನು ನಾನು. ಪುಡ್ಡಿಂಗ್ ಯಂತ್ರದ ಮೇಲೆಯೇ ಉಳಿಯಿತು.

ಮನೆಯಲ್ಲಿ ಗ್ಲೆನಿಸ್ ಮೊದಲು ನನ್ನ ಎರಡು ಖಾಲಿ ಕೈಗಳನ್ನು ನೋಡಿದಳು.

“ಪುಡ್ಡಿಂಗ್ ಎಲ್ರೀ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟಿ ಮುಗಿಸಿದ್ದಳು: ಒಂದು ಕೆಲಸ ಹೇಳಿದರೆ ಒಂದು ಕೆಲಸ ಆಗುವುದಿಲ್ಲ, ರೈಲಿನವರು ಇವರನ್ನು ಅಷ್ಟು ವರ್ಷ ಹೇಗೆ ಇಟ್ಟುಕೊಂಡಿದ್ದರೋ. ಆಗ ಒಳಗಿನಿಂದ ಅತ್ತೆಯ ಧ್ವನಿ ಕೇಳಿಬಂತು. ಫೋನಿನಲ್ಲಿ ಚರ್ಚಿನ ಗೆಳತಿಯರಿಗೆ ನಡೆದದ್ದನ್ನು ವರ್ಣಿಸುತ್ತಿದ್ದರು. ಮೊದಲನೆಯ ಗೆಳತಿಗೆ, ಹುಡುಗಿ ತನ್ನನ್ನು ಇಪ್ಪತ್ತರವಳು ಅಂದುಕೊಂಡಳು ಎಂದರು. ಎರಡನೆಯವಳಿಗೆ ಹೇಳುವಾಗ ಹದಿನಾರಕ್ಕೆ ಇಳಿದಿತ್ತು. ಮೂರನೆಯ ಫೋನಿಗೆ ಅತ್ತೆ ಹನ್ನೆರಡು ವರ್ಷದವರಾಗಿದ್ದರು. ಇನ್ನೊಂದು ಫೋನು ಮಾಡಿದ್ದರೆ ತೊಟ್ಟಿಲು ಹುಡುಕಬೇಕಾಗುತ್ತಿತ್ತು. ನಡುನಡುವೆ ಅವರು ನಗುತ್ತಿದ್ದರು. ಆ ನಗೆಯನ್ನು ನಾವು ಮರೆತೇಬಿಟ್ಟಿದ್ದೆವು.

ಗ್ಲೆನಿಸ್ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ (ಇದು ನಮ್ಮ ದಾಂಪತ್ಯದಲ್ಲಿ ಮೊದಲ ಸಲ) ಬಾಗಿಲಿಗೆ ಒರಗಿ ಕೇಳುತ್ತ ನಿಂತಳು. ಆ ರಾತ್ರಿ ಅತ್ತೆ ಆಲೂಗಡ್ಡೆಯನ್ನು ಎರಡನೆಯ ಸಲ ಹಾಕಿಸಿಕೊಂಡು ತಿಂದರು. “ಪುಡ್ಡಿಂಗ್ ಹಾಳಾಗ್ಲಿ ಬಿಡ್ರೀ” ಎಂದು ಗ್ಲೆನಿಸ್ ನನ್ನ ಕಿವಿಯಲ್ಲಿ ಹೇಳಿ, ನನ್ನ ತಟ್ಟೆಗೂ ಒಂದು ಆಲೂಗಡ್ಡೆ ಜಾಸ್ತಿ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅತ್ತೆ ಬಾಗಿಲ ಬಳಿ ಸಿದ್ಧರಾಗಿ ನಿಂತಿದ್ದರು. ತುಟಿಗೆ ಬಣ್ಣ, ತಲೆಗೆ ಹ್ಯಾಟು, ಡೇರೆಯಂಥ ಹಳೆಯ ಕೋಟಿನ ನಡುವಿಗೆ ಬಿಗಿಯಾಗಿ ಬೆಲ್ಟು. ಕೈಯಲ್ಲಿ ಹೊಚ್ಚಹೊಸ ಪಾಸ್‌ಪೋರ್ಟು. ತಂಗಿ ಮೇವಿಸ್ ಜೊತೆ ಹಡಗಿನಲ್ಲಿ ಪ್ರವಾಸ ಹೋಗಲೆಂದು ಬೇಸಿಗೆಯಲ್ಲಿ ಮಾಡಿಸಿದ್ದು. ಹಡಗು ಹೊರಡುವ ಮೊದಲೇ ಮೇವಿಸ್ ಹೊರಟುಬಿಟ್ಟಿದ್ದಳು. “ಇದನ್ನ ಒಂದ್ಸಲನಾದ್ರೂ ಯಾರಾದ್ರೂ ತೆರೆದು ನೋಡ್ಲಿ” ಎಂದರು ಅತ್ತೆ. “ನಡೀರಿ ಅಳಿಯಂದ್ರೇ.”

ನಾನೂ ಸ್ವಲ್ಪ ತಡ ಮಾಡಿ ಹೊರಟೆ ಎಂಬುದನ್ನು ಮುಚ್ಚಿಡಲಾರೆ. ಗಡ್ಡ ನುಣ್ಣಗೆ ಕೆರೆದುಕೊಂಡೆ. ನೀಲಿ ಸ್ವೆಟರು ಹಾಕಿದೆ, ಅದರಲ್ಲಿ ನನ್ನ ಹೊಟ್ಟೆ ಅಷ್ಟಾಗಿ ಕಾಣುವುದಿಲ್ಲ. ಚಾಲನಾ ಪರವಾನಗಿಯನ್ನು ಜೇಬಿನ ಮೇಲ್ಭಾಗಕ್ಕೆ ತಂದಿಟ್ಟುಕೊಂಡೆ. ಅರವತ್ತೊಂಬತ್ತು ಅಂಥ ವಯಸ್ಸೇನೂ ಅಲ್ಲ. ತೊಂಬತ್ತೊಂದನ್ನೇ ಕೇಳಿದ ಹುಡುಗಿ ಅರವತ್ತೊಂಬತ್ತನ್ನು ಬಿಟ್ಟಾಳೆಯೇ?

ಬ್ರೈಯನಿ ಅಂದು ಗಲ್ಲಾದಲ್ಲಿ ಕೂತಿದ್ದಳು. ಅತ್ತೆ ಚಾಕೊಲೇಟು ಡಬ್ಬಿಯನ್ನು ಅವಳ ಮುಂದಿಟ್ಟು ಕಾದರು. ಹುಡುಗಿ ಅವರ ಮುಖ ನೋಡಿದಳು. ಅವಳಿಗೆ ಏನು ಅರ್ಥವಾಯಿತೋ, ನಗಲಿಲ್ಲ.

“ವಯಸ್ಸಿನ ಗುರುತು ತೋರಿಸ್ಬೇಕಾಗುತ್ತೆ.”

ಅತ್ತೆ ಪಾಸ್‌ಪೋರ್ಟು ಕೊಟ್ಟರು. ಅವಳು ಅದರ ಗರಿಗರಿ ಹಾಳೆಯನ್ನು ಬಿಡಿಸಿ, ದೀಪಕ್ಕೆ ಹಿಡಿದು, ಚಿತ್ರವನ್ನೂ ಮುಖವನ್ನೂ ಎರಡೆರಡು ಸಲ ಹೋಲಿಸಿ, ಬೆರಳ ಮೇಲೆ ಲೆಕ್ಕ ಹಾಕಿದಳು. ದೇಶದ ಗಡಿಯಲ್ಲಿಯೂ ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಾರರು. ಆಮೇಲೆ ಎರಡೂ ಕೈಯಿಂದ ಹಿಂದಿರುಗಿಸಿ, ಸರಿಯಾಗಿದೆ, ತೆಗೆದುಕೊಂಡು ಹೋಗಬಹುದು ಎಂದಳು. ಅತ್ತೆಯ ಕೆನ್ನೆ ಮೇಲೆ ಬಣ್ಣ ಬಂದದ್ದು ಚಳಿಯಿಂದಲ್ಲ. ಟಿಕೆಟ್ ಕೇಳುವುದೇ ಕಸುಬಾಗಿದ್ದ ನಾನು, ಕೇಳುವುದರಲ್ಲಿ ಇಷ್ಟೊಂದು ದಯೆ ತುಂಬಬಹುದೆಂದು ಕಂಡದ್ದು ಅಂದೇ.

ಮುಂದಿನ ಸರದಿ ನನ್ನದು. ಪುಡ್ಡಿಂಗ್ ಇಟ್ಟೆ, ಬ್ರಾಂದಿ ಬೆಣ್ಣೆ ಇಟ್ಟೆ, ಹೊಟ್ಟೆ ಒಳಗೆಳೆದುಕೊಂಡೆ. ಎರಡು ಸಲ ಸದ್ದಾಯಿತು, ಬಿಲ್ಲು ಬಂತು. ಅವಳು ತಲೆಯನ್ನೇ ಎತ್ತಿರಲಿಲ್ಲ. ನನ್ನ ಚೀಟಿ ನೋಡುವುದಿಲ್ಲವೇ ಎಂದು ಪರವಾನಗಿ ಮುಂದೆ ಚಾಚಿದೆ. ಬ್ರೈಯನಿ ಕತ್ತೆತ್ತಿ, ಕಿವುಡರೊಂದಿಗೆ ಮಾತಾಡುವಂತೆ ನಿಧಾನವಾಗಿ, ಗಟ್ಟಿಯಾಗಿ ಹೇಳಿದಳು:

“ಬೇಡ ಅಜ್ಜಾ. ಜೇಬಲ್ಲಿ ಇಟ್ಕೊಳ್ಳಿ, ಬೀಳಿಸ್ಬಿಡ್ತೀರ.”

ಆಮೇಲೆ ಅತ್ತೆಯ ಕಡೆ ತಿರುಗಿ, ಹೊರಗೆ ಮಂಜು ಗಟ್ಟಿಯಾಗಿ ಜಾರುತ್ತಿದೆ, ಇವರ ಕೈ ಹಿಡಿದುಕೊಂಡು ಹೋಗಿ ಎಂದು ನನ್ನನ್ನು ಅವರಿಗೆ ಒಪ್ಪಿಸಿದಳು. ಅತ್ತೆ ಆಗಲಿ ಎಂದರು. ಹೊರಗೆ ಬಂದು ನಾನು ಬೇಡವೆಂದರೂ ಕೇಳದೆ ನನ್ನ ತೋಳಿಗೆ ತೋಳು ಸೇರಿಸಿದರು. ಎರಡು ಹೆಜ್ಜೆ ಇಟ್ಟಿದ್ದೆ, ಕಾಲು ಸರ್ರನೆ ಜಾರಿತು. ತೊಂಬತ್ತೊಂದು ವರ್ಷದ ಆ ಕಡ್ಡಿ ತೋಳು ನನ್ನನ್ನು ಹಿಡಿದು ನಿಲ್ಲಿಸಿತು.

ನಾವು ರಸ್ತೆ ದಾಟಲೆಂದು ಒಂದು ಕಾರು ನಿಂತಿತು. ಓಡಿಸುತ್ತಿದ್ದ ಹೆಂಗಸು ಗಾಜು ಇಳಿಸಿ, ಮುಖ ಹೊರಹಾಕಿ ಅತ್ತೆಗೆ ಹೇಳಿದಳು: “ಯಜಮಾನ್ರನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತೀರಮ್ಮ ನೀವು.”

ನಾನು ತಿದ್ದಲು ಬಾಯಿ ತೆರೆದೆ. ಅತ್ತೆ ನನ್ನ ತೋಳು ಅಮುಕಿದರು.

“ಏನ್ಮಾಡೋದಮ್ಮ,” ಎಂದರು, “ವಯಸ್ಸಾಯ್ತಲ್ಲ ಅವರಿಗೆ.”