ಒಳಗೆ ಮನುಷ್ಯ ಒಬ್ಬ

ಆ ದಿನದ ರಂಪಕ್ಕೆಲ್ಲ ಮೂಲ ಗೋಡೆಯಾಚೆಯಿಂದ ಬಂದ ಒಂದು ನಗು.

ತಿಯರಿ ಮೇಷ್ಟ್ರು ಆಗ ತಾನೇ ಕಪ್ಪುಹಲಗೆಯ ಮೇಲೆ ‘ಬೀಗ ಎಂದರೇನು?’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಮುಗಿದಿತ್ತು. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಇಪ್ಪತ್ತೆಂಟು ಜನ ಒಟ್ಟಿಗೆ ನಕ್ಕರು. ಸೀಮೆಸುಣ್ಣ ಪಟ್ಟನೆ ಮುರಿಯಿತು. ಮೇಷ್ಟ್ರ ಎದುರು ಕೂತಿದ್ದವರು ಮೂವರು. ಒಬ್ಬ ರಾತ್ರಿ ಕಾವಲು ಮುಗಿಸಿ ನಿದ್ದೆಗೆಂದೇ ಇಲ್ಲಿಗೆ ಬರುವವನು. ಇನ್ನೊಬ್ಬ ಫ್ಯಾನಿನ ಕೆಳಗಿನ ಜಾಗ ಬಿಟ್ಟು ಕದಲದವನು. ಮೂರನೆಯವನಿಗೆ ಕಿವಿ ಮಂದ. ಪಕ್ಕದ ಕೋಣೆಯ ನಗು ಕೇಳಿಸದ್ದರಿಂದಲೇ ಅವನು ಇನ್ನೂ ಇಲ್ಲಿ ಉಳಿದಿದ್ದ. ಆ ದಿನ ಅವನಿಗೂ ಕೇಳಿಸಿತು.

“ಏನಂತೆ ಸಾರ್ ಅಲ್ಲಿ?” ಎಂದ.

ಮೇಷ್ಟ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಊರಿನ ಬಟ್ಟೆ ಗಿರಣಿ ಮುಚ್ಚಿದಾಗ ಕೆಲಸ ಕಿತ್ತುಕೊಂಡವರೇ ಕೆಲಸಗಾರರ ಕೈಗೆ ಒಂದೊಂದು ನೋಟು ಪುಸ್ತಕ ಕೊಟ್ಟು, ಹೋಗಿ ಕೌಶಲ ಕಲಿಯಿರಿ ಎಂದು ಈ ತರಬೇತಿ ಕೇಂದ್ರಕ್ಕೆ ಅಟ್ಟಿದ್ದರು. ಮೂವತ್ತು ವರ್ಷ ಸಾವಿರ ಎಳೆಗಳನ್ನು ಒಂದೇ ಕಣ್ಣಳತೆಯಲ್ಲಿ ಕಾದವರಿಗೆ ಕೌಶಲವಿಲ್ಲ ಎಂದು ಕಂಡುಹಿಡಿದವರ ಕೈಯಲ್ಲಿ, ಪೆನ್ನು ಬಿಟ್ಟು ಬೇರೇನನ್ನೂ ಹಿಡಿದ ಗುರುತಿರಲಿಲ್ಲ. ಅಂಥ ಒಂದು ಪೆನ್ನಿನಿಂದಲೇ ಬೀಗ ರಿಪೇರಿ ತರಗತಿಗೆ ನೇಮಕವಾದವರು ನಮ್ಮ ತಿಯರಿ ಮೇಷ್ಟ್ರು. ಹನ್ನೆರಡು ವರ್ಷದಿಂದ ಅವರ ಬಳಿ ತೊಂಬತ್ತೆರಡು ಪುಟದ ನೋಟ್ಸು ಇತ್ತು: ಬೀಗದ ಚರಿತ್ರೆ, ಬೀಗದ ಲಕ್ಷಣ, ಬೀಗದ ಹನ್ನೊಂದು ವಿಧ. ಬೀಗವೊಂದನ್ನು ಅದರದೇ ಕೀಲಿಯಿಲ್ಲದೆ ಅವರು ಹುಟ್ಟಿದಾಗಿನಿಂದ ತೆಗೆದವರಲ್ಲ. ಕೀಲಿಯಿದ್ದಾಗಲೂ ಮನೆ ಬಾಗಿಲು ತೆಗೆಯುತ್ತಿದ್ದವಳು ಹೆಂಡತಿಯೇ.

ಎರಡು ತಿಂಗಳ ಹಿಂದೆ ಪಕ್ಕದ ಕೋಣೆಗೆ ಪಾಠ ಹೇಳಲು ಬಂದವಳು ಬೀಗದಕ್ಕ. ಮಾರುಕಟ್ಟೆಯ ಮೂಲೆಯಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಇಪ್ಪತ್ತು ವರ್ಷ ಬೀಗ ಬಿಚ್ಚಿದವಳು. ಓದು ಎಂಟನೆಯ ಕ್ಲಾಸು. ಕಲಿಯುವವರು ಯಾವ ಕೋಣೆಯಲ್ಲಿ ಬೇಕಾದರೂ ಕೂರಬಹುದೆಂಬ ನಿಯಮವಿತ್ತು. ಮೊದಲ ವಾರ ಮೇಷ್ಟ್ರ ಕೋಣೆಯಿಂದ ಐದು ಜನ ಎದ್ದರು. ಆಮೇಲೆ ಉಳಿದವರು, ತೂತು ಬಿದ್ದ ಚೀಲದಿಂದ ರಾಗಿ ಸೋರಿದ ಹಾಗೆ, ಸದ್ದಿಲ್ಲದೆ ಸೋರಿಹೋದರು.

ಇಷ್ಟೇ ಆಗಿದ್ದರೆ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಇರುತ್ತಿದ್ದರೇನೋ. ಆದರೆ ಆ ಬುಧವಾರ ನಾಲ್ಕು ಗಂಟೆಗೆ ಕೇಂದ್ರದ ಸಾಹೇಬರು ಬಂದು ಎರಡೂ ಕೋಣೆಗಳ ತಲೆ ಎಣಿಸುವವರಿದ್ದರು. ಮುಂದಿನ ಅವಧಿಗೆ ಒಂದೇ ತರಗತಿ, ಒಬ್ಬರೇ ಶಿಕ್ಷಕರು.

ಬೆಳಿಗ್ಗೆ ಹೆಂಡತಿ ಇದನ್ನು ಕೇಳಿ, “ಅವಳನ್ನೇ ಹೋಗಿ ಕೇಳಿ, ಹೇಗೆ ಪಾಠ ಮಾಡ್ತೀಯಮ್ಮಾ ಅಂತ. ನಿಮ್ಮ ಬಾಯೇನು ಸವೆಯಲ್ಲ,” ಎಂದಿದ್ದಳು.

“ನಾನು ಎರಡು ಎಂ.ಎ. ಮಾಡಿದವನು ಕಣೇ.”

“ಅದಕ್ಕೇ ನಮ್ಮನೆ ಬೀರು ಬಾಗಿಲು ಆರು ತಿಂಗಳಿಂದ ತೆಗೆಯೋಕಾಗ್ತಿಲ್ಲ.”

ಕೇಳುವುದೆಂದರೆ ತಲೆ ತಗ್ಗಿಸುವುದು. ಕದಿಯುವುದಕ್ಕೆ ತಲೆ ತಗ್ಗಿಸಬೇಕಾಗಿಲ್ಲ, ಸ್ವಲ್ಪ ಬಗ್ಗಿದರೆ ಸಾಕು. ಒಂದು ವಾರದಿಂದ ಮೇಷ್ಟ್ರು ಬೀಗದಕ್ಕನ ಕಿಟಕಿಯ ಕೆಳಗೆ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡಿದ್ದರು. ಗುಟ್ಟು ಮಾತ್ರ ಸಿಕ್ಕಿರಲಿಲ್ಲ. ಅದನ್ನು ತಂದುಕೊಟ್ಟವನು ಆಫೀಸಿನ ಗುಮಾಸ್ತ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಸಾಗಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಎಲ್ಲಾ ಅವಳ ಕೆಂಪು ರಟ್ಟಿನ ಪುಸ್ತಕದಲ್ಲಿದೆ ಮೇಷ್ಟ್ರೇ. ಸಾಮಾನು ಕೋಣೆ ಕಪಾಟಲ್ಲಿಟ್ಟು ಊಟಕ್ಕೆ ಹೋಗ್ತಾಳೆ. ಎರಡರಿಂದ ಮೂರರವರೆಗೆ ಅಲ್ಲಿ ಕಾಗೆ ಕೂಡ ಇರಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡಿ.”

ಎರಡೂ ಹತ್ತಕ್ಕೆ ಮೇಷ್ಟ್ರು ಸಾಮಾನು ಕೋಣೆ ಹೊಕ್ಕರು. ಬೀಗದಕ್ಕನ ತರಗತಿಯ ಹಿಂಬದಿಯ ಕತ್ತಲೆ ಗೂಡು ಅದು. ತುಕ್ಕು ಹಿಡಿದ ಬೀಗಗಳು, ಎಣ್ಣೆಯ ಡಬ್ಬಿ, ಕಾಲು ಮುರಿದ ಬೆಂಚು. ಕಪಾಟಿನಲ್ಲಿ ಕೆಂಪು ಪುಸ್ತಕ ಮದುವಣಗಿತ್ತಿಯ ಹಾಗೆ ಕೂತಿತ್ತು. ಅದನ್ನು ಎತ್ತಿ ಶರ್ಟಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಹೊರಗೆ ಯಾರದೋ ಚಪ್ಪಲಿ ಸದ್ದು. ಮೇಷ್ಟ್ರು ತಾವೇ ಬಾಗಿಲು ಮುಚ್ಚಿದರು. ಕ್ಲಿಕ್ ಎಂದಿತು. ಸದ್ದು ದೂರವಾದ ಮೇಲೆ ತೆಗೆಯಲು ಹೋದರೆ ಹಿಡಿ ಕೈಗೇ ಬಂತು.

ಮೊಬೈಲು ತಮ್ಮ ತರಗತಿಯ ಮೇಜಿನ ಮೇಲೆ ಚಾರ್ಜಿಗಿತ್ತು. ಕೂಗಿದರೆ ಮಾನ ಹೋಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ನೋಟ್ಸನ್ನು ನೆನೆದರು. ನಲವತ್ತೊಂದನೆಯ ಪುಟ ನೆನಪಾಯಿತು: ‘ಬೀಗವು ಒಳಗಿರುವವರನ್ನು ಹೊರಗಿನವರಿಂದ ರಕ್ಷಿಸುವ ಸಾಧನ.’ ತಾವೀಗ ಸಂಪೂರ್ಣ ರಕ್ಷಿತರು ಎಂಬುದು ಖಾತ್ರಿಯಾಯಿತು. ಉಳಿದ ತೊಂಬತ್ತೊಂದು ಪುಟದಲ್ಲಿ ಹೊರಗೆ ಬರುವ ದಾರಿ ಎಲ್ಲೂ ಇರಲಿಲ್ಲ.

ಕೊನೆಗೆ ಜೇಬಿನ ಪೆನ್ನು ತೆಗೆದು ಕೀಲಿಯ ತೂತಿಗೆ ತುರುಕಿ ತಿರುಗಿಸಿದರು. ಕಟಕ್. ಬೀಗ ತೆರೆಯಿತೆಂದು ಹಿಗ್ಗಿ ನೋಡಿದರೆ ಪೆನ್ನಿಗೆ ಮೂತಿಯಿರಲಿಲ್ಲ. ಅದು ಒಳಗೇ ಕೂತಿತ್ತು.

ಹಾಗೇ ಮುಕ್ಕಾಲು ಗಂಟೆ. ಮೂರಕ್ಕೆ ಬಾಗಿಲಾಚೆ ಬೆಂಚುಗಳನ್ನು ಎಳೆದ ಸದ್ದು, ಮಾತು, ಕೆಮ್ಮು. ಮೇಷ್ಟ್ರ ಕೋಣೆ ಖಾಲಿ ಕಂಡು ಅವರ ಮೂವರೂ ಇಲ್ಲಿಗೇ ಬಂದದ್ದು ಕಿವಿ ಮಂದದವನ ಗಟ್ಟಿ ದನಿಯಿಂದ ತಿಳಿಯಿತು. ಮೇಷ್ಟ್ರ ಕೋಣೆಯ ತಲೆಯೆಣಿಕೆ ಸೊನ್ನೆಗೆ ಇಳಿಯಿತು.

ಆಮೇಲೆ ಬೀಗದಕ್ಕ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. “ಇವತ್ತು ಈ ಬಾಗಿಲು. ಒಳಗೆ ಯಾರೋ ಸಿಕ್ಕಾಕೊಂಡಿದಾರೆ ಅಂತ ನಿಮ್ಮನ್ನ ಕರೆಸಿದಾರೆ ಅಂದ್ಕೊಳ್ಳಿ. ಏನ್ಮಾಡ್ತೀರಿ?”

ತಿರುಪುಳಿ ಹಾಕ್ತೀವಿ ಎಂದರು ಕೆಲವರು.

“ಬೀಗ ಆಮೇಲೆ. ಮೊದಲು ಮನುಷ್ಯ. ಮಾತಾಡ್ಸಿ.”

ಗಿರಣಿಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ ಅತ್ತೆಮ್ಮ ಬಾಗಿಲಿಗೆ ಬಾಯಿ ಹಚ್ಚಿದಳು. ಅವಳ ಮೊಮ್ಮಗ ಒಮ್ಮೆ ಬಚ್ಚಲಲ್ಲಿ ಸಿಕ್ಕಿಕೊಂಡಾಗ ಬಾಗಿಲು ಒಡೆಸಬೇಕಾಗಿ ಬಂದಿತ್ತು. “ಯಾರಪ್ಪಾ ಒಳಗೆ?”

ಮೇಷ್ಟ್ರು ದಿಕ್ಕು ತೋಚದೆ, “ಮ್ಯಾಂವ್,” ಎಂದರು.

“ಬೆಕ್ಕಾದ್ರೆ ಅವಸರವಿಲ್ಲ, ನಾಳೆ ತೆಗೆಯೋಣ,” ಎಂದ ಯಾರೋ.

“ಬೆಕ್ಕಲ್ಲ,” ಎಂದರು ಮೇಷ್ಟ್ರು. “ನಾನು.”

ನಗು ಬರುವ ಮೊದಲೇ ಅತ್ತೆಮ್ಮ ತನ್ನ ಕೆಲಸ ಮುಂದುವರಿಸಿದಳು. “ಹೆದರ್ಬೇಡಿ ಮಗಾ. ಬಾಗಿಲಿಂದ ಹಿಂದಕ್ಕೆ ಸರಿದು ಕೂತ್ಕೊಳ್ಳಿ. ಮೂಗಲ್ಲಿ ಉಸಿರಾಡಿ. ನೀರು ಕುಡಿದು ಎಷ್ಟೊತ್ತಾಯ್ತು?” ಐವತ್ನಾಲ್ಕು ವರ್ಷದ ಮೇಷ್ಟ್ರು ಮಗುವಿನ ಹಾಗೆ ಸರಿದು ಕೂತರು, ಮೂಗಲ್ಲಿ ಉಸಿರಾಡಿದರು, ಲೆಕ್ಕ ಒಪ್ಪಿಸಿದರು. ಹನ್ನೆರಡು ವರ್ಷದಲ್ಲಿ ತಾವು ಕಲಿಸುವವರಲ್ಲಿ ಒಬ್ಬರನ್ನೂ ನೀರು ಕುಡಿದಿರಾ ಎಂದು ಕೇಳಿದ ನೆನಪು ಅವರಿಗಿರಲಿಲ್ಲ.

ತೂತಿನೊಳಗೆ ಏನೋ ಇದೆ ಎಂದು ಕಂಡುಹಿಡಿದವನು ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಮಗ್ಗದಣ್ಣ. ಅವನು ಕಣ್ಣು ಮುಚ್ಚಿ, ತಂತಿಯ ತುದಿಯಿಂದ ಸವರಿ, “ಎಳೆ ತುಂಡಾಗಿ ಸಿಕ್ಕಾಕೊಂಡಂಗಿದೆ ಅಕ್ಕಾ. ಎಡಕ್ಕೆ ವಾಲಿದೆ,” ಎಂದ. ಬೀಗದಕ್ಕ ಏನೂ ಹೇಳಿಕೊಡಲಿಲ್ಲ, ಚಿಮಟ ಕೊಟ್ಟಳು. ಗಿರಣಿಗೆ ಬೇಡವಾದ ಆ ಬೆರಳುಗಳು ಪೆನ್ನಿನ ಮೂತಿಯನ್ನು ಹುಣ್ಣಿನ ಮುಳ್ಳು ತೆಗೆದಷ್ಟು ಮೆಲ್ಲಗೆ ಎಳೆದು ತೆಗೆದವು. ಇನ್ನೂ ಮೂವರ ಕೈ ಸೇರಿತು. ಬಾಗಿಲು ತೆರೆಯಿತು.

ಬೂದಿಯಲ್ಲಿ ಹೊರಳಿದ ಕತ್ತೆಯ ಹಾಗೆ ಮೇಷ್ಟ್ರು ಹೊರಬಂದಾಗ ಎದುರಿಗೆ ಮೂವತ್ತೊಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರ ಹಿಂದೆ, ನಾಲ್ಕಕ್ಕೆ ಐದು ನಿಮಿಷ ಮುಂಚೆಯೇ ಬಂದ ಸಾಹೇಬರೂ ತಟ್ಟುತ್ತಿದ್ದರು.

ಸಾಹೇಬರ ಕಣ್ಣಂಚು ಒದ್ದೆಯಾಗಿತ್ತು. ಮೇಷ್ಟ್ರ ಕೈ ಹಿಡಿದು, ಪಾಠೋಪಕರಣ ಕೇಳಿ ಅರ್ಜಿ ಬರೆಯುವ ಶಿಕ್ಷಕರನ್ನು ಬೇಕಾದಷ್ಟು ಕಂಡಿದ್ದೇನೆ, ತಾವೇ ಪಾಠೋಪಕರಣವಾದವರನ್ನು ಇದೇ ಮೊದಲು ಕಂಡದ್ದು ಎಂದರು. ಅಲ್ಲಿಯೇ ತೀರ್ಮಾನವೂ ಆಯಿತು. ಮುಂದಿನ ಅವಧಿಗೆ ಶಿಕ್ಷಕಿ ಬೀಗದಕ್ಕ. ಇಷ್ಟು ನಿಸ್ವಾರ್ಥಿಯನ್ನು ಬಿಟ್ಟುಕೊಡುವುದುಂಟೇ, ಮೇಷ್ಟ್ರು ಅವಳ ಕೈಕೆಳಗೆ ಪಾಠೋಪಕರಣಗಳ ಉಸ್ತುವಾರಿ. ತೊಂಬತ್ತೆರಡು ಪುಟದ ನೋಟ್ಸು ಸಾಮಾನು ಕೋಣೆಗೆ. ಬೀಗದಕ್ಕ ತಲೆಯಾಡಿಸಿ, “ಮೇಷ್ಟ್ರು ಬಹಳ ಸಹಾಯ ಮಾಡಿದ್ರು ಸಾರ್,” ಎಂದಳು. ಅವಳ ಮುಖದಲ್ಲಿ ಕೊಂಕಿನ ಒಂದು ಗೆರೆಯೂ ಇರಲಿಲ್ಲ. ಅದನ್ನು ಕಂಡು ಮೇಷ್ಟ್ರ ಹೊಟ್ಟೆಯ ಮೆಣಸಿನಕಾಯಿಗೆ ಉಪ್ಪೂ ಬಿತ್ತು.

ಇರಲಿ, ಗುಟ್ಟಂತೂ ಸೊಂಟದಲ್ಲಿದೆ. ಇವತ್ತು ಉಸ್ತುವಾರಿ, ನಾಳೆ ನೋಡಿಕೊಳ್ಳೋಣ ಎಂದುಕೊಂಡು ಅವರು ತಮ್ಮ ಖಾಲಿ ಕೋಣೆಗೆ ಹೋಗಿ ಕೆಂಪು ಪುಸ್ತಕ ಬಿಚ್ಚಿದರು.

ಅದರಲ್ಲಿ ಬೀಗದ ಮಾತೇ ಕಡಿಮೆ. ಪುಟಕ್ಕೊಬ್ಬ ಮನುಷ್ಯ. ‘ಮಗ್ಗದಣ್ಣ: ಕಣ್ಣು ಮಂಜು, ಬೆರಳು ಚುರುಕು. ಕಣ್ಣು ಮುಚ್ಚಿ ಮಾಡೋ ಕೆಲಸ ಕೊಡಬೇಕು.’ ‘ಅತ್ತೆಮ್ಮ: ಮೊಮ್ಮಗನ ದಿಗಿಲು ಇನ್ನೂ ಹೋಗಿಲ್ಲ. ಅದೇ ಅವಳಿಗೆ ಪಾಠ.’ ‘ಕಾವಲುಗಾರ: ನಿದ್ದೆಗೆಟ್ಟವನು, ಬಂದರೆ ಕಿಟಕಿ ಹತ್ತಿರ ಕೂರಿಸಬೇಕು.’ ಮೇಷ್ಟ್ರು ಎರಡು ಪುಟ ಹೊಟ್ಟೆಕಿಚ್ಚಿನಿಂದ ಓದಿದರು, ನಾಲ್ಕು ಪುಟ ಸುಮ್ಮನೆ ಓದಿದರು. ಮುಂದೆ ಮಡಿಚಿದ್ದ ಪುಟವೊಂದು ಸಿಕ್ಕಿತು.

‘ಬುಧವಾರದ ಪಾಠ: ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವುದು. ಬೇಕಾದ ಸಾಮಾನು: ಹಿಡಿ ಸಡಿಲಿಸಿದ ಬೀಗ ಒಂದು. ತಂತಿ, ಎಣ್ಣೆ. ಒಳಗೆ ಮನುಷ್ಯ ಒಬ್ಬ (ಕಿಟಕಿ ಮೇಷ್ಟ್ರು ತಾವೇ ಬರ್ತಾರೆ, ಗುಮಾಸ್ತನಿಗೆ ಹೇಳಿ ಆಗಿದೆ). ಚಿಮಟ ಮರೀಬಾರದು, ಪೆನ್ನು ತುರುಕ್ತಾರೆ.’

ಮೇಷ್ಟ್ರು ಹಾಳೆ ತಿರುಗಿಸಿದರು.

‘ಮುಂದಿನ ಬುಧವಾರ: ಹೊರಗಿಂದ ಚಿಲಕ ಬಿದ್ದ ಬಾಗಿಲು. ಒಳಗೆ ಮನುಷ್ಯ: ಅವರೇ. ಪುಸ್ತಕ ವಾಪಸ್ ಇಡೋಕೆ ಬರ್ತಾರೆ.’

ಬಾಗಿಲಲ್ಲಿ ಗುಮಾಸ್ತನ ತಲೆ ಇಣುಕಿತು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದ:

“ಮುಂದಿನ ಬುಧವಾರ ಎರಡು ಗಂಟೆಗೆ ಸಾಮಾನು ಕೋಣೇಲಿ ಕಾಗೆ ಕೂಡ ಇರಲ್ಲ ಮೇಷ್ಟ್ರೇ. ನಾನು ಹೇಳ್ದೆ ಅಂತ ಹೇಳ್ಬೇಡಿ.”