ಎರಡಿಂಚು ಎತ್ತರಕ್ಕೆ ಮೂರು ಗ್ಯಾರೇಜು

ನಾನು ಅನುಮಾನದ ಮನುಷ್ಯ. ಹೆಂಡತಿ ಹೇಳುವ ಮೊದಲು ನಾನೇ ಇದನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ತರಕಾರಿಯವನು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿಕೊಟ್ಟರೆ, ಅದರಲ್ಲಿ ಹುಳ ಇದೆಯೇ ಎಂದು ಅವನೆದುರೇ ತಿರುಗಿಸಿ ನೋಡುತ್ತೇನೆ. ರಕ್ತದೊತ್ತಡ ಸರಿಯಾಗಿದೆ ಎಂದು ನಮ್ಮ ಜಿಪಿ ಡಾಕ್ಟರು ಹೇಳಿದಾಗ, ಯಂತ್ರ ಕೆಟ್ಟಿರಬಹುದೆಂದು ಇನ್ನೊಂದು ಕೈಯನ್ನೂ ಚಾಚಿದವನು ನಾನು. ಇದನ್ನು ಇಷ್ಟು ವರ್ಷ ಜಾಗರೂಕತೆ ಎಂದುಕೊಂಡೇ ಬಂದಿದ್ದೆ.

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮದೊಂದು ಸಣ್ಣ ಅಡುಗೆಯ ವ್ಯಾಪಾರ. ನಮ್ಮವರ ಮದುವೆ, ಮುಂಜಿ, ಸೀಮಂತಗಳಿಗೆ ಅಡುಗೆ ಮಾಡಿ ತಲುಪಿಸುತ್ತೇವೆ. ಒಲೆ ನನ್ನ ಹೆಂಡತಿ ವಸುಧಾಳದು, ಸ್ಟಿಯರಿಂಗ್ ನನ್ನದು. ಅವಳು ಧಾರವಾಡದವಳು, ನಾನು ಕುಂದಾಪುರದವನು. ಇಬ್ಬರ ಸಾರೂ ಬೇರೆ, ಆದರೆ ಪಾತ್ರೆಗೆ ಬೀಳುವುದು ಅವಳದೇ. ಪಾತ್ರೆ ಸಾಗಿಸುವುದು ಒಂದು ಹಳೆಯ ಪಿಕಪ್. ಈಗಿನ ಮಕ್ಕಳಿಗೆ ಸಭಾಂಗಣದ ಮದುವೆ ಹಿಡಿಸುವುದಿಲ್ಲ. ಊರಾಚೆಯ ಹೊಲದಲ್ಲಿ ಡೇರೆ ಹಾಕಿಸಿ, ಕುದುರೆಗಳು ನೋಡುತ್ತಿರುವಾಗಲೇ ಮಾಂಗಲ್ಯಧಾರಣೆ ಆಗಬೇಕು. ಅಂಥದೊಂದು ಹೊಲದ ದಾರಿಯಲ್ಲಿ ನಮ್ಮ ಗಾಡಿಯ ಹೊಟ್ಟೆ ದಿಬ್ಬಕ್ಕೆ ಬಡಿದು, ಹಿಂದಿನ ಚಕ್ರಗಳು ಕೆಸರಿನಲ್ಲಿ ಗರಗರ ತಿರುಗಿದವು. ಸಾರಿನ ಪಾತ್ರೆ ಮಗುಚಿಕೊಂಡಿತು. ಆ ದಿನ ಮದುವೆಯ ಮಂದಿ ಸಾರಿಲ್ಲದೆ ಊಟ ಮಾಡಿದರು. ವಸುಧಾ ಮನೆಗೆ ಬಂದು ಪಾತ್ರೆ ತೊಳೆಯುತ್ತ ಅತ್ತಳು. ಮುಂದಿನ ತಿಂಗಳು ಅದೇ ಹೊಲದಲ್ಲಿ ಇನ್ನೊಂದು ಮದುವೆ ಒಪ್ಪಿಕೊಂಡಿದ್ದೆವು.

ಪರಿಚಿತರೊಬ್ಬರು ಲಿಫ್ಟ್ ಕಿಟ್ ಹಾಕಿಸಲು ಸಲಹೆ ಕೊಟ್ಟರು. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿ ಗಾಡಿಯನ್ನು ಒಂದೆರಡು ಇಂಚು ಮೇಲಕ್ಕೇರಿಸುವ ಏರ್ಪಾಡು ಅದು. ಇಲ್ಲಿನ ನಮ್ಮವರ ಸಂಘದ ಸಭೆಯಲ್ಲಿ ‘ಲಿಫ್ಟ್ ಹಾಕಿಸುತ್ತಿದ್ದೇನೆ’ ಎಂದದ್ದೇ ತಪ್ಪಾಯಿತು. ಮನೆಯ ಮೆಟ್ಟಿಲಿಗೆ ಲಿಫ್ಟ್ ಹಾಕಿಸುವಷ್ಟು ನನ್ನ ಮೊಣಕಾಲು ಕೆಟ್ಟಿತೇ ಎಂದು ನಾಲ್ಕು ಮನೆಯವರು ಫೋನು ಮಾಡಿ ವಿಚಾರಿಸಿಕೊಂಡರು.

ಮೊದಲು ಸ್ಟ್ಯಾನ್ಮೋರಿನ ಒಂದು ಗ್ಯಾರೇಜಿಗೆ ಹೋದೆ. ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಅಲ್ಲೇ ಎಲೆ ಹಾಕಿ ಬಡಿಸಬಹುದಿತ್ತು. ಮಾಲೀಕ ಕಾಫಿ ಕೊಟ್ಟ, ಜೊತೆಗೆ ಬಿಸ್ಕತ್ತು. ಎಣ್ಣೆಯ ಒಂದು ಕಲೆಯೂ ಇಲ್ಲದ ಕಡೆ ಕೆಲಸ ಯಾವಾಗ ನಡೆಯುತ್ತದೆ? ಅವನು ನಾಲ್ಕಿಂಚು ಎತ್ತರ, ದೊಡ್ಡ ಚಕ್ರ, ಮುಂದೆ ದೀಪಗಳ ಸಾಲು ಎಂದು ಹೇಳುತ್ತ ಹೋದ. ಸಾರು ಸಾಗಿಸುವವನಿಗೆ ದೀಪಗಳ ಸಾಲು ಯಾಕೆ? ಕಾಫಿ ಮುಗಿಸಿ ಎದ್ದು ಬಂದೆ.

ಎರಡನೆಯದು ಎಜ್‌ವೇರಿನಲ್ಲಿತ್ತು. ಅಲ್ಲಿ ಎಣ್ಣೆಗೇನೂ ಕೊರತೆಯಿರಲಿಲ್ಲ. ನಾಳೆ ಬೆಳಿಗ್ಗೆಯೇ ಗಾಡಿ ತನ್ನಿ ಎಂದ ಮಾಲೀಕ. ನಾಳೆಯೇ ಬಿಡುವಿದೆಯೆಂದರೆ ಬೇರೆ ಗಿರಾಕಿಗಳೆಲ್ಲ ಎಲ್ಲಿ ಹೋದರು? ಗಾಡಿಯನ್ನು ಮಾರ್ಪಡಿಸಿದರೆ ಇನ್ಶೂರೆನ್ಸಿನವರಿಗೆ ತಿಳಿಸಬೇಕಲ್ಲ ಎಂದು ಕೇಳಿದ್ದಕ್ಕೆ, ಅವರಿಗ್ಯಾಕೆ ಸುಮ್ಮನೆ ತೊಂದರೆ ಎಂದು ನಕ್ಕ. ಅಲ್ಲಿ ಮಾತ್ರ ನನ್ನ ಅನುಮಾನ ಸರಿಯಾಗಿತ್ತು ಎಂದು ಇವತ್ತಿಗೂ ಹೇಳುತ್ತೇನೆ.

ಮೂರನೆಯದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಡೆಸುವವಳು ಮೌರೀನ್ ಎಂಬ ಐರಿಷ್ ಹೆಂಗಸು, ಅರವತ್ತು ದಾಟಿರಬೇಕು. ಅವಳು ಕಾಫಿಯನ್ನೂ ಕೊಡಲಿಲ್ಲ, ನಗಲೂ ಇಲ್ಲ. ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದಳು. ಪಾತ್ರೆಗಳ ತೂಕ ಎಷ್ಟು, ತುಂಬಿದಾಗ ಎಷ್ಟು, ಎಲ್ಲಿ ಇಡುತ್ತೀರಿ ಎಂದು ಕೇಳಿ ಬರೆದುಕೊಂಡಳು. ಆಮೇಲೆ ಹೇಳಿದ್ದಿಷ್ಟು: ಹಿಂದಿನ ಸ್ಪ್ರಿಂಗುಗಳು ಸೋತು ಕುಸಿದಿವೆ, ನಾಲ್ಕಿಂಚೆಲ್ಲ ಬೇಡ, ಎರಡಿಂಚಿನ ಸಾದಾ ಕಿಟ್ ಸಾಕು, ಮೊದಲು ಇನ್ಶೂರೆನ್ಸಿನವರಿಗೆ ಹೇಳಿ ಬನ್ನಿ, ಎರಡು ವಾರ ಕಾಯಬೇಕು. ನನಗೆ ಮೈಯೆಲ್ಲ ಅನುಮಾನವಾಯಿತು. ಬಂದ ಕೆಲಸವನ್ನು ಸಣ್ಣದು ಮಾಡಿ ಹೇಳುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ವಸುಧಾ ಉಳ್ಳಾಗಡ್ಡಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. “ಜಾಸ್ತಿ ಕೆಲಸ ಹೇಳಿದಾವನ್ನೂ ನಂಬೂದಿಲ್ಲ, ಕಡಿಮಿ ಹೇಳಿದಾಕಿನ್ನೂ ನಂಬೂದಿಲ್ಲ. ನಿಮಗ ಗಾಡಿ ಎತ್ತರ ಆಗೂದು ಬೇಕೋ, ಬ್ಯಾಡೋ?” ಎಂದಳು. ಬೇಕು, ಆದರೆ ಪರೀಕ್ಷೆ ಮಾಡದೆ ಹೇಗೆ ಎಂದೆ.

ಪರೀಕ್ಷೆ ಶುರುವಾಯಿತು. ಮೂರು ದಿನ ಮೌರೀನಳ ಗ್ಯಾರೇಜಿನ ಎದುರಿನ ಬಸ್ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು ಕುಳಿತೆ. ಎಷ್ಟು ಗಾಡಿ ಒಳಗೆ ಹೋದವು, ಹೊರಬಂದವರ ಮುಖ ಹೇಗಿತ್ತು ಎಂದು ಗಮನಿಸಿದೆ. ಮುದುಕನೊಬ್ಬ ಅವಳ ಕೈ ಕುಲುಕಿ ಸಂತೋಷದಿಂದ ಹೊರಟ, ನೆಂಟನಿರಬೇಕು ಎಂದುಕೊಂಡೆ. ಮೂರನೆಯ ದಿನ, ಹಾಕುವ ಸಾಮಾನು ಅಸಲಿಯೋ ನಕಲಿಯೋ ನೋಡೋಣವೆಂದು ಹಿಂಬದಿಗೆ ಹೋಗಿ ಕಸದ ಡಬ್ಬಿಯ ಮುಚ್ಚಳ ಎತ್ತಿ ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲಿನ ಹೆಸರು ಓದಿದೆ. ಎಲ್ಲವೂ ಅಸಲಿ. ಸ್ವಲ್ಪ ನಿರಾಸೆಯೇ ಆಯಿತು.

ನಾಲ್ಕನೆಯ ದಿನ ವಸುಧಾಳನ್ನೂ ಕರೆದುಕೊಂಡು ಹೋಗಿ, ಗಾಡಿ ನಿಮಗೇ ಒಪ್ಪಿಸುತ್ತೇನೆ ಎಂದು ದೊಡ್ಡ ಮನಸ್ಸಿನಿಂದ ಹೇಳಿದೆ. ಮೌರೀನ್ ನನ್ನ ಲೈಸೆನ್ಸು ಕೇಳಿದಳು. ಗಾಡಿಯ ಕಾಗದ ಕೇಳಿದಳು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ನಾನು ಕಳ್ಳನಂತೆ ಕಾಣುತ್ತೇನೆಯೇ ಎಂದು ಸ್ವಲ್ಪ ಬಿಗಿಯಾಗಿಯೇ ಕೇಳಿದೆ. ಅವಳು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಹಿಂಬದಿಯ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಟೋಪಿ ಹಾಕಿದ ಮನುಷ್ಯನೊಬ್ಬ ಕಸದ ಡಬ್ಬಿಯೊಳಗೆ ಸೊಂಟದವರೆಗೆ ಬಗ್ಗಿದ್ದ.

“ಮೂರು ದಿನದಿಂದ ಈ ಮನುಷ್ಯನ ಮೇಲೆ ನಮಗೆಲ್ಲ ಅನುಮಾನ,” ಎಂದು ವಸುಧಾಳಿಗೆ ಹೇಳಿದಳು. “ನಿಮಗೆ ಪರಿಚಯವೇ?”

ವಸುಧಾ ಪರದೆಯನ್ನು ಚೆನ್ನಾಗಿ ನೋಡಿದಳು. ಇಪ್ಪತ್ತಾರು ವರ್ಷದಿಂದ ಬಲ್ಲೆ, ಕದಿಯುವುದಿಲ್ಲ, ಇರುವುದೇ ಹೀಗೆ ಎಂದು ಇಂಗ್ಲಿಷಿನಲ್ಲಿ ಜಾಮೀನು ಕೊಟ್ಟಳು. ಮೌರೀನ್ ಮೊದಲ ಸಲ ನಕ್ಕಳು. ಅವರಿಬ್ಬರೂ ಅದರ ಮೇಲೆ ಅರ್ಧ ಗಂಟೆ ಹರಟಿದರು. ನಾನು ಅಲ್ಲಿದ್ದ ಟೈರುಗಳನ್ನು ನೋಡುತ್ತ ನಿಂತೆ.

ಹೇಳಿದ ದಿನಕ್ಕೆ ಕೆಲಸ ಮುಗಿಯಿತು. ಮದುವೆಯ ದಿನ ಸಾರು, ಹುಳಿ, ಪಾಯಸ ಎಲ್ಲ ಹೇರಿಕೊಂಡು ಹೊಲದ ದಾರಿಗೆ ಇಳಿದೆವು. ದಿಬ್ಬ ಬಂದದ್ದೂ ಹೋದದ್ದೂ ತಿಳಿಯಲೇ ಇಲ್ಲ. ವಸುಧಾ ಹಿಂದೆ ತಿರುಗಿ ಪಾತ್ರೆಗಳನ್ನು ನೋಡಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನನಗೆ ಮಾತ್ರ ಸಮಾಧಾನವಿಲ್ಲ. ಇಷ್ಟು ಸಲೀಸಾಗಿ ದಾಟಿತೆಂದರೆ ಹೊಲದವರು ದಿಬ್ಬವನ್ನೇ ಕಡಿಸಿರಬೇಕು. ಗಾಡಿ ನಿಲ್ಲಿಸಿ, ಹಿಂದಕ್ಕೆ ನಡೆದು ಹೋಗಿ, ಮೊಣಕಾಲೂರಿ, ಗೇಣು ಹಾಕಿ ದಿಬ್ಬ ಅಳೆದು ಬಂದೆ. ಅದು ಮೊದಲಿನಷ್ಟೇ ಇತ್ತು. ಆ ಮದುವೆಯಲ್ಲಿ ಊಟ ಕಾಲು ಗಂಟೆ ತಡವಾಯಿತು. ಹುಡುಗಿಯ ತಂದೆ ಬಂದು, ಗಾಡಿ ಏನಾದರೂ ತೊಂದರೆ ಕೊಟ್ಟಿತೇ ಎಂದು ವಸುಧಾಳನ್ನು ಕೇಳಿದರು. ಗಾಡಿ ಅಲ್ಲ ಎಂದಳು.