ತಳ್ಳು, ಇಲ್ಲವೇ ಬಿಡು

ಈ ಸಲದ ಪೋಕರ್ ಟೂರ್ನಿಯಲ್ಲಿ ತನ್ನನ್ನು ಸೋಲಿಸುವ ಗಂಡಸು ಊರಿನ ಕ್ಲಬ್ಬಿನಲ್ಲಿ ಇಲ್ಲವೇ ಇಲ್ಲ ಎಂದು ಔಷಧಿ ಅಂಗಡಿಯ ಯಜಮಾನ ಶುಕ್ರವಾರವೇ ಘೋಷಿಸಿದ್ದ. ಡಾಕ್ಟರುಗಳ ಕೈಬರಹವನ್ನೇ ಓದುವವನಿಗೆ ಮನುಷ್ಯರ ಮುಖ ಓದುವುದು ಯಾವ ಮಹಾ ಕೆಲಸ? ಉಳಿದವರೆಲ್ಲ ಅದೃಷ್ಟಕ್ಕೆ ಜೋತುಬಿದ್ದ ದಡ್ಡರು. ಅವನ ಬಳಿ ಪಟ್ಟಿ ಇತ್ತು. ಪಣಕ್ಕಿಡುವ ಬಿಲ್ಲೆಗಳು ಕರಗಿ ಕೈ ಬರಿದಾಗುತ್ತ ಬಂದಾಗ ಎರಡೇ ದಾರಿ: ಇದ್ದದ್ದೆಲ್ಲ ಮುಂದೆ ತಳ್ಳು, ಇಲ್ಲವೇ ಎಲೆ ಕೆಳಗಿಟ್ಟು ತೆಪ್ಪಗಿರು. ಯಾವ ಎಲೆಗೆ ಯಾವುದೆಂದು ಪಟ್ಟಿ ಹೇಳುತ್ತಿತ್ತು. ಅದನ್ನವನು ಹಲ್ಲುಜ್ಜುವಾಗಲೂ ಉರುಹೊಡೆದ.

"ಒಂದು ಕುರ್ಚಿ ಖಾಲಿ ಇದೆಯಂತೆ. ನಾನೂ ಆಡ್ಲಾ?" ಎಂದಳು ಹೆಂಡತಿ.

"ಆಡು, ಆಡು. ಬೇಗ ಸೋತ್ರೆ ಮನೆಗೆ ಹೋಗಿ ಬಟ್ಟೆನಾದ್ರೂ ಒಣಗಿಹಾಕಬಹುದು."

ಭಾನುವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೇಜಿನ ಸುತ್ತ ಉಳಿದವರು ಮೂವರು: ಅವನು, ಹೆಂಡತಿ, ಹಲ್ಲಿನ ಡಾಕ್ಟರಾದ ಅವಳ ತಮ್ಮ. ಹೆಂಡತಿಯ ಮುಂದೆ ಬಿಲ್ಲೆಯ ಗುಡ್ಡ. ಇವನ ಮುಂದಿದ್ದದ್ದು ಇನ್ನು ಆರು ಸುತ್ತಿಗೆ ಸಾಕಾದರೆ ಹೆಚ್ಚು. ಪ್ರತಿ ಸುತ್ತಿಗೂ ಕಡ್ಡಾಯವಾಗಿ ಇಡಬೇಕಾದ ಬಿಲ್ಲೆಗಳೇ ಅವನನ್ನು ತಿಂದುಹಾಕಿದ್ದವು.

ಡಾಕ್ಟರು ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟರು. ಇವನಿಗೆ ಬಂದದ್ದು ಹತ್ತು ಮತ್ತು ಆರು. ಕಸ. ಆದರೆ ಎದುರಿಗೆ ಒಬ್ಬರೇ ಇದ್ದಾಗ ಕಸವನ್ನೂ ತಳ್ಳು ಎಂದಿತ್ತು ಪಟ್ಟಿ. ಹೆಂಗಸು ಹೆದರಿ ಬಿಡುತ್ತಾಳೆ ಎಂಬ ಧೈರ್ಯದಲ್ಲಿ ಇದ್ದದ್ದೆಲ್ಲ ತಳ್ಳಿದ.

"ಸರಿ, ನಾನೂ ಇದೀನಿ," ಎಂದು ಅವಳು ಎಲೆ ತೆರೆದಳು. ರಾಣಿ ಮತ್ತು ಮೂರು. ಇಬ್ಬರಿಗೂ ಸೇರಿದಂತೆ ಮೇಜಿನ ಮೇಲೆ ತೆರೆದಿಟ್ಟ ಐದು ಎಲೆಗಳಲ್ಲಿ ಒಂದೂ ಯಾರ ಎಲೆಗೂ ಜೋಡಿಯಾಗಲಿಲ್ಲ. ರಾಣಿಯೇ ದೊಡ್ಡದಾಗಿ, ಅವನ ಆಟ ಮುಗಿಯಿತು.

"ಇಂಥ ಎಲೆ ಇಟ್ಕೊಂಡು ಬುದ್ಧಿ ಇರೋರು ಬರ್ತಾರೇನೆ? ನನ್ನ ಹತ್ರ ಎಕ್ಕ ಇದ್ದಿದ್ರೆ?"

"ಇಲ್ಲ ಅಂತ ಗೊತ್ತಿತ್ತು."

"ಹೇಗೆ?"

"ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ಸುಳ್ಳು ಹೇಳೋ ಮುಂಚೆ ಕನ್ನಡಕ ತೆಗೆದು ಒರೆಸ್ತೀರ. ಈಗ್ಲೂ ಒರೆಸಿದ್ರಿ."

ಡಾಕ್ಟರು ನಗು ತಡೆದುಕೊಂಡು ಕೇಳಿದರು: "ಬೇಜಾರಾಯ್ತಾ, ಭಾವ?"

"ನನಗಾ? ಒಂಚೂರೂ ಇಲ್ಲ. ನೀವು ಆಡಿ," ಎಂದು ಅವನು ಎದ್ದು ನಿಂತ. ಅಷ್ಟರಲ್ಲಾಗಲೇ ಕನ್ನಡಕ ಅವನ ಕೈಯಲ್ಲಿತ್ತು.